ತಾತ ಎರಕ ಹೊಯ್ದ ಏಳು ಗೊಂಬೆಗಳು: ಉಜ್ಜಬೇಕೋ, ಹಾಗೇ ಬಿಡಬೇಕೋ?

ಗವಿಪುರದ ಮೊಮ್ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಬೆಂಗಳೂರಿನ ಒಂದು ಕಾರ್ಖಾನೆಯ ಫೌಂಡ್ರಿಯಲ್ಲಿ ಮೌಲ್ಡರ್, ಅಂದರೆ ಎರಕದ ಅಚ್ಚು ಮಾಡುವವರು, ಆಗಿದ್ದರು. ವಾರವೆಲ್ಲ ಯಂತ್ರದ ಬಿಡಿಭಾಗಗಳ ಎರಕ, ಭಾನುವಾರ ಮನೆಯ ಹಿತ್ತಲಿನಲ್ಲಿ ಸ್ವಂತದ ಎರಕ. ಹೀಗೆ ಇಪ್ಪತ್ತು ವರ್ಷದಲ್ಲಿ ಮಾಡಿದ್ದು ಏಳೇ ಏಳು. ಒಂದೂ ದೇವರಲ್ಲ. ಕಡಲೆಕಾಯಿ ರಾಶಿಯ ಮುಂದೆ ಕುಳಿತ ಹೆಂಗಸು, ಸೈಕಲ್ಲಿಗೆ ಕ್ಯಾನು ಕಟ್ಟಿದ ಹಾಲಿನವನು, ಮಲಗಿದ ಎತ್ತು, ಕರಗ ಹೊತ್ತವರು, ನಾದಸ್ವರದವರು, ಜಟಕಾ ಕುದುರೆ, ಬೀದಿ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ಜಗಳವಾಡುವ ಇಬ್ಬರು. ಪ್ರತಿ ನವರಾತ್ರಿಯಲ್ಲೂ ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲಲ್ಲಿ ಇವು ಕೂರುತ್ತವೆ. ಈಗ ಬಹುಪಾಲು ಕಪ್ಪಾಗಿವೆ, ಚಿತ್ರಗಳನ್ನು ಹಾಕಿದ್ದೇನೆ.

ಈ ವರ್ಷ ತೊಂದರೆ ಶುರುವಾಗಿದೆ. ಹಬ್ಬಕ್ಕೆ ಹೊಳೆಯಲಿ ಎಂದು ಚಿಕ್ಕಮ್ಮ ಹಾಲಿನವನನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರು. ಅವನ ಬೆನ್ನು ಈಗ ತಾಮ್ರದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದೆ. ಎತ್ತಿನ ಹೊಟ್ಟೆಯ ಕೆಳಗೆ ತಿಳಿಹಸಿರು ಪುಡಿ ಕಾಣುತ್ತಿದೆ. ಒರೆಸಿದರೆ ಹೋಗುತ್ತದೆ, ವಾರ ಬಿಟ್ಟು ಮತ್ತೆ ಬರುತ್ತದೆ. ಪೇಟೆಯ ಒಂದು ಅಂಗಡಿಗೆ ಕೊಂಡೊಯ್ದೆ. ಬಫಿಂಗ್ ಮಾಡಿ (ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿ) ಚಿನ್ನದ ಹಾಗೆ ಕೊಡುತ್ತೇವೆ ಎಂದರು. ಪಕ್ಕದ ಅಂಗಡಿಯವರು ಕೇಳದೆಯೇ ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದರು. ಅಲ್ಲಿಂದ ಎದ್ದು ಬಂದೆ.

ಇದರ ಜೊತೆಗೆ ಮನೆ ಮಾರಾಟಕ್ಕಿದೆ. ಗೊಂಬೆಗಳನ್ನೂ ಪಾಲು ಮಾಡಿ ಎಂದು ದೊಡ್ಡಪ್ಪ ಪಟ್ಟು ಹಿಡಿದಿದ್ದಾರೆ. ಮೂವರು ಮಕ್ಕಳು, ಏಳು ಗೊಂಬೆ. ಏನು ಮಾಡಲಿ?

ಪೇಟೆ ಪುಟ್ಟರಾಜ
ಪಂಚಲೋಹ ಇರಬಹುದು, ಯಾರಿಗೂ ತೋರಿಸಬೇಡಿ. ಕೋಟಿ ಬಾಳುತ್ತದೆ.

ಕಾಫಿಪುಡಿ
ಪುಟ್ಟರಾಜರೇ, ಫೌಂಡ್ರಿ ಕಾರ್ಮಿಕರು ಹಾಲಿನವನ ಸೈಕಲ್ಲಿಗೆ ಬೆಳ್ಳಿ, ಬಂಗಾರ ಸುರಿಯುತ್ತಿದ್ದರೇ? ನಿಮ್ಮದು ಹಿತ್ತಾಳೆ ಕಿವಿ.

ಹಳೇ ಮೌಲ್ಡರ್
ಮಗೂ, ಮೊದಲು ಆ ಹುಣಸೆಹಣ್ಣನ್ನು ಅಡುಗೆಮನೆಗೆ ವಾಪಸು ಕಳುಹಿಸು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಳಿಯೂ ಉಪ್ಪೂ ಸೇರಿ ಮೇಲ್ಪದರದ ಸತುವನ್ನು ತಿಂದುಹಾಕುತ್ತವೆ, ಉಳಿಯುವುದು ತಾಮ್ರ. ಅದೇ ನೀನು ಕಂಡ ಗುಲಾಬಿ ಬಣ್ಣ. ದಿನಾ ಬಳಸುವ ಚೊಂಬಿಗೆ ಹಾಗಾದರೆ ಯಾರೂ ಗಮನಿಸುವುದಿಲ್ಲ, ಗೊಂಬೆಯ ಮುಖಕ್ಕೆ ಆದರೆ ಮುಖವೇ ಹೋಯಿತು.

ಬಫಿಂಗ್ ಅದಕ್ಕಿಂತ ಕೆಟ್ಟದ್ದು. ಚಕ್ರ ತಿರುಗುವುದು ಕ್ಷಣ, ಸವೆಯುವುದು ಹುಬ್ಬು, ಉಗುರು, ಸೀರೆಯ ನೆರಿಗೆ. ಅರ ಹಾಕಿದ ಗೀರುಗಳು ಗೊಂಬೆಯ ಮೇಲೆ ಉಳಿದಿವೆಯೇ ನೋಡು. ಅವು ಕೊಳೆಯಲ್ಲ, ನಿನ್ನ ತಾತನ ಕೈಬರಹ.

ಒಂದು ಪ್ರಶ್ನೆ. ಅದು ಮರಳಿನ ಅಚ್ಚಿನದೋ, ಮೇಣದ ಅಚ್ಚಿನದೋ? ಮರಳಿನ ಅಚ್ಚಾದರೆ ಮರಳು ತುಂಬಿದ ಎರಡು ಪೆಟ್ಟಿಗೆ ಕೂಡಿದ ಕಡೆ ಸುತ್ತ ಒಂದು ಗೆರೆ ಇರುತ್ತದೆ. ಅರ ಹಾಕಿ ಅಳಿಸಿದರೂ ಬೆರಳಿಗೆ ಸಿಗುತ್ತದೆ.

ಗವಿಪುರದ ಮೊಮ್ಮಗಳು
ಸರ್, ಬೆರಳಾಡಿಸಿ ನೋಡಿದೆ, ಎಲ್ಲಿಯೂ ಗೆರೆ ಇಲ್ಲ. ಆದರೆ ಕಡಲೆಕಾಯಿ ಹೆಂಗಸಿನ ಸೆರಗಿನ ಒಳಮಗ್ಗುಲಲ್ಲಿ ಹೆಬ್ಬೆರಳಿನ ಗುರುತು ಇದೆ! ರೇಖೆಗಳು ಕೂಡ ಕಾಣುತ್ತವೆ. ಇಷ್ಟು ವರ್ಷ ನಾನು ಅದನ್ನು ಬಟ್ಟೆಯ ಸುಕ್ಕು ಎಂದುಕೊಂಡಿದ್ದೆ.

ಹಳೇ ಮೌಲ್ಡರ್
ಹಾಗಾದರೆ ಮೇಣ. ಬೆರಳು ಒತ್ತಿದ್ದು ಮೇಣದ ಮೇಲೆ, ಉಳಿದದ್ದು ಹಿತ್ತಾಳೆಯಲ್ಲಿ.

ನಾಗಮಂಗಲದವ
ಈಗ ನಾನು ಮಾತನಾಡಲೇಬೇಕು. ನಮ್ಮ ಊರಿನಲ್ಲಿ ಇಂದಿಗೂ ಕೆಲವು ವಿಶ್ವಕರ್ಮ ಮನೆಗಳಲ್ಲಿ ಇದೇ ಕೆಲಸ. ಜೇನುಮೇಣ, ರಾಳ, ಒಂದಿಷ್ಟು ಎಣ್ಣೆ ಸೇರಿಸಿ ಕಾಯಿಸಿ, ಕೈಯಲ್ಲಿ ನಾದಿ ಮೂರ್ತಿ ಮಾಡುತ್ತಾರೆ. ಅದರ ಮೇಲೆ ಮೊದಲು ನುಣುಪಾದ ಮಣ್ಣು, ಆಮೇಲೆ ಒರಟು ಮಣ್ಣು. ಒಣಗಿಸಿ ಕಾಯಿಸಿದರೆ ಮೇಣ ಕರಗಿ ಹೊರಗೆ ಓಡುತ್ತದೆ. ಖಾಲಿಯಾದ ಜಾಗಕ್ಕೆ ಲೋಹ ಸುರಿಯುವುದು. ಅಚ್ಚು ಒಡೆದರೇ ಮೂರ್ತಿ ಹೊರಗೆ ಬರುವುದು. ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಈ ಕ್ರಮವನ್ನು ಹಂತ ಹಂತವಾಗಿ ಬರೆದಿಟ್ಟಿದ್ದಾನೆ. ಮೇಣವನ್ನು ತೂಗಿ, ಹಿತ್ತಾಳೆಯಾದರೆ ಅದರ ಎಂಟು ಪಟ್ಟು, ಬೆಳ್ಳಿ ಹನ್ನೆರಡು, ಚಿನ್ನ ಹದಿನಾರು ಪಟ್ಟು ತೆಗೆದುಕೊಳ್ಳಬೇಕು ಎಂಬ ಲೆಕ್ಕ ಅದರಲ್ಲಿದೆ. ನಮ್ಮ ಸೋದರಮಾವ ಆ ಗ್ರಂಥದ ಹೆಸರನ್ನೂ ಕೇಳಿದವರಲ್ಲ, ಆದರೂ ಎಂಟು ಪಟ್ಟು ಹಾಕಿ ಮೇಲೊಂದು ಹಿಡಿ ಸೇರಿಸುತ್ತಿದ್ದರು. ಲೋಹ ಸುರಿಯುವ ದ್ವಾರ, ಅದು ಹರಿಯುವ ನಾಳ ಎಲ್ಲ ತುಂಬಬೇಕಲ್ಲ.

ಒಂದು ತಿದ್ದುಪಡಿ: ದಯವಿಟ್ಟು ಗೊಂಬೆ ಎನ್ನಬೇಡಿ. ಇವು ಶಿಲ್ಪಗಳು.

ಅಡುಗೆಮನೆ ಅಕ್ಕ
ಗೊಂಬೆ ಎಂದರೆ ಏನು ಕಡಿಮೆ ಸ್ವಾಮಿ? ದಸರಾದಲ್ಲಿ ಕೂರುವುದು ಗೊಂಬೆಯೇ. ಆರತಿ ಆಗುವುದು ಅದಕ್ಕೇ.

ನಾಗಮಂಗಲದವ
ಸರಿ ಅಕ್ಕ, ಸೋತೆ.

ಬೀದರಿನ ಅಳಿಯ
ಬಣ್ಣ ಕಪ್ಪಾಗಿದೆ ಎಂದರೆ ಬಿದರಿ ಕೆಲಸ ಇರಬಹುದಲ್ಲವೇ?

ಹಳೇ ಮೌಲ್ಡರ್
ಅಲ್ಲ. ಬಿದರಿಯಲ್ಲಿ ಹೆಚ್ಚಿನದೆಲ್ಲ ಸತು, ತಾಮ್ರ ಅದರಲ್ಲಿ ಸ್ವಲ್ಪ. ಬೀದರ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಾಯಿಸಿ ಬಳಿದಾಗ ಮೈ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಳಿಯಂದಿರಿಗೆ ಮಾವನ ಊರಿನ ಕಸುಬು ಗೊತ್ತಿರಬೇಕಿತ್ತು. ಇಲ್ಲಿ ಆಗಿರುವುದು ಕಾಲ ಕಳೆದು ಬಂದ ಕಪ್ಪು, ಬೇರೆಯೇನಲ್ಲ.

ಲೆಕ್ಕದ ಮೇಷ್ಟ್ರು
ಲೋಹ ಯಾವುದು ಎಂದು ಊಹಿಸುವುದೇಕೆ? ತೂಕ ನೋಡಿ. ಬಕೆಟ್ಟಿಗೆ ಅಂಚಿನವರೆಗೂ ನೀರು ತುಂಬಿ, ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯಿರಿ. ತೂಕವನ್ನು ಆ ನೀರಿನ ಅಳತೆಯಿಂದ ಭಾಗಿಸಿದರೆ ಆಯಿತು. ಎಂಟೂವರೆಯ ಆಸುಪಾಸು ಬಂದರೆ ಹಿತ್ತಾಳೆ. ಎರಡು ಮುಕ್ಕಾಲು ಬಂದರೆ ಅಲ್ಯೂಮಿನಿಯಂ, ಸಂತೆಗೆ ಕಳುಹಿಸಿ.

ಗವಿಪುರದ ಮೊಮ್ಮಗಳು
ಮೇಷ್ಟ್ರೇ, ಮಾಡಿದೆ. ಅಡುಗೆಯ ತಕ್ಕಡಿ, ಹಾಲಿನ ಅಳತೆ ಜಗ್ಗು, ಸ್ನಾನದ ಮನೆಯ ತುಂಬ ನೀರು.
ಹಾಲಿನವನು: 2,150 ಗ್ರಾಂ, ಚೆಲ್ಲಿದ ನೀರು 252 ಮಿಲಿಲೀಟರ್. 8.5 ಬಂತು.
ಎತ್ತು: 3,400 ಗ್ರಾಂ, ನೀರು 520. 6.5 ಬಂತು.
ಎತ್ತು ಬೇರೆ ಲೋಹವೇ?

ಲೆಕ್ಕದ ಮೇಷ್ಟ್ರು
ಹಾಲಿನವನು ಗಟ್ಟಿ ಹಿತ್ತಾಳೆ. ಎತ್ತಿನ ಹೊಟ್ಟೆಯಲ್ಲಿ ಹಗುರವಾದದ್ದು ಏನೋ ಇದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿದು ನೋಡಿ.

ಗವಿಪುರದ ಮೊಮ್ಮಗಳು
ಅಯ್ಯೋ, ಎರಡು ಪಕ್ಕೆಗಳಲ್ಲೂ ಒಂದೊಂದು ಕಡೆ ಅಂಟಿಕೊಳ್ಳುತ್ತದೆ! ಉಳಿದಲ್ಲೆಲ್ಲ ಜಾರಿ ಬೀಳುತ್ತದೆ.

ಹಳೇ ಮೌಲ್ಡರ್
ಮೇಷ್ಟ್ರೇ, ನಿಮಗೆ ಲೆಕ್ಕ ಗೊತ್ತು, ಎರಕ ಗೊತ್ತಿಲ್ಲ. ಎತ್ತಿನ ಒಳಗಿರುವುದು ಮಣ್ಣಿನ ತಿರುಳು. ದೊಡ್ಡ ಮೂರ್ತಿಯನ್ನು ಗಟ್ಟಿಯಾಗಿ ಎರೆದರೆ ಲೋಹವೂ ಜಾಸ್ತಿ, ತಣಿಯುವಾಗ ಕುಗ್ಗಿ ಗುಳಿ ಬೀಳುವ ಭಯವೂ ಜಾಸ್ತಿ. ಆದ್ದರಿಂದ ಮಣ್ಣಿನ ಹೊಟ್ಟೆ ಮಾಡಿ ಅದರ ಮೇಲೆ ಮೇಣ ಹಚ್ಚುತ್ತಾರೆ. ಮೇಣ ಕರಗಿ ಹೋದ ಮೇಲೆ ಆ ತಿರುಳು ಜೋತು ಬೀಳದಂತೆ ಕಬ್ಬಿಣದ ಮೊಳೆ ಚುಚ್ಚಿ ಹಿಡಿದಿರುತ್ತಾರೆ. ಅಯಸ್ಕಾಂತಕ್ಕೆ ಸಿಕ್ಕಿದ್ದು ಆ ಮೊಳೆಗಳು.

ನೀವೀಗ ಅವಳಿಂದ ಆ ಮಣ್ಣಿಗೆ ನೀರು ಕುಡಿಸಿಬಿಟ್ಟಿರಿ.

ಲೆಕ್ಕದ ಮೇಷ್ಟ್ರು
ಎರಡು ನಿಮಿಷ ಮುಳುಗಿಸಿದ್ದಕ್ಕೆ ಇಷ್ಟು ರಾದ್ಧಾಂತವೇ?

ಪ್ರಯೋಗಾಲಯದಾಕೆ
ರಾದ್ಧಾಂತ ಮಾಡಲೇಬೇಕಾದ ವಿಷಯ. ಆ ತಿಳಿಹಸಿರು ಪುಡಿ ಮಾಮೂಲಿ ಕಿಲುಬಲ್ಲ. ಮಾಮೂಲಿ ಕಿಲುಬು ಗಟ್ಟಿಯಾಗಿ ಅಂಟಿಕೊಂಡು ಸುಮ್ಮನಿರುತ್ತದೆ, ಒಳಗಿನ ಲೋಹವನ್ನು ಒಂದು ಮಟ್ಟಿಗೆ ಕಾಪಾಡುತ್ತದೆ ಕೂಡ. ಒರೆಸಿದ ಮೇಲೂ ಮರಳಿ ಬರುವ, ಉದುರುವ ಪುಡಿಗೆ ಕಾರಣ ಕ್ಲೋರೈಡ್, ಅಡುಗೆ ಉಪ್ಪಿನಲ್ಲೂ ಇರುವಂಥದ್ದು. ಅದಕ್ಕೆ ತೇವ ಸಿಕ್ಕಿದರೆ ತಾಮ್ರವಿರುವ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಕಂಚಿನ ರೋಗ ಎನ್ನುವುದು ಇದನ್ನೇ.

ಕ್ಲೋರೈಡ್ ಎಲ್ಲಿಂದ ಬಂತು ಎಂದರೆ ಒಂದೇ ಪ್ರಶ್ನೆ ಕೇಳುತ್ತೇನೆ. ಹಿಂದಿನ ದಸರಾಗಳಲ್ಲಿ ಎತ್ತನ್ನೂ ಉಪ್ಪು ಹಾಕಿ ತಿಕ್ಕಿದ್ದರೇ?

ಗವಿಪುರದ ಮೊಮ್ಮಗಳು
ಚಿಕ್ಕಮ್ಮನನ್ನು ಕೇಳಿದೆ. "ಅದು ದೊಡ್ಡದು, ಪ್ರತಿ ವರ್ಷ ಅದಕ್ಕೇ ಮೊದಲು" ಎಂದರು.

ಪ್ರಯೋಗಾಲಯದಾಕೆ
ಅಂದರೆ ಉಪ್ಪುನೀರು ವರ್ಷ ವರ್ಷ ಮೊಳೆಯ ಸಂದಿನಿಂದ ಮಣ್ಣಿಗೆ ಇಳಿದಿದೆ. ಈಗ ಮಾಡಬೇಕಾದದ್ದು: ಒಣ ಬಟ್ಟೆಯಿಂದ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಎರಡು ದಿನ ಇಡಿ. ಒಲೆಯ ಮೇಲೆ ಕಾಯಿಸಬೇಡಿ. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ಹೊಸ ಬೂಟಿನ ಪೆಟ್ಟಿಗೆಯ ಎರಡು ಪೊಟ್ಟಣ ಸಾಲುವುದಿಲ್ಲ, ಅರ್ಧ ಕಿಲೋ ತನ್ನಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲೂ ಉಪ್ಪಿದೆ. ಬಿದಿರಿನ ಬುಟ್ಟಿಯ ಕಡ್ಡಿಯೊಂದನ್ನು ಚೂಪು ಮಾಡಿಕೊಂಡು ಹಸಿರನ್ನು ಮೆಲ್ಲಗೆ ಕೆರೆದು ತೆಗೆಯಬಹುದು, ಉಕ್ಕಿನ ಬ್ರಷ್ಷು ಬೇಡ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನೊಂದಿಗೆ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್ ನಡೆಸಿಕೊಂಡು ಬಂದ ಕಲಾ ಸಂರಕ್ಷಣಾ ಕೇಂದ್ರವೊಂದಿದೆ, ಮೊದಲು ಫೋನ್ ಮಾಡಿ ವಿಚಾರಿಸಿ. ಪೇಟೆಯ ಪಾಲಿಶ್ ಅಂಗಡಿಯ ಕಡೆ ಮಾತ್ರ ತಲೆ ಹಾಕಬೇಡಿ.

ಗುಲಾಬಿ ಬೆನ್ನಿನ ಹಾಲಿನವನನ್ನು ಹಾಗೇ ಬಿಡಿ. ಕೆಲವು ವರ್ಷದಲ್ಲಿ ತಾನಾಗಿ ಕಂದುತ್ತಾನೆ.

ಲೆಕ್ಕದ ಮೇಷ್ಟ್ರು
ತಪ್ಪಾಯಿತು. ಸಿಲಿಕಾ ಜೆಲ್ ನನ್ನ ಲೆಕ್ಕದಲ್ಲಿ.

ಕಾಯಿದೆ ರಾಯರು
ಎಲ್ಲರೂ ಒಂದು ಮುಖ್ಯ ಅಂಶ ಮರೆತಿದ್ದೀರಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಇಂಥ ಶಿಲ್ಪಗಳನ್ನು ನೋಂದಾಯಿಸಬೇಕು. ಇಲ್ಲದಿದ್ದರೆ ಅಪರಾಧ.

ಕಾಫಿಪುಡಿ
ರಾಯರೇ, ಅದು ನೂರು ವರ್ಷ ದಾಟಿದ ಶಿಲ್ಪಗಳಿಗೆ. ತಾತ ಗೊಂಬೆ ಮಾಡಿದ್ದು ಯಾವಾಗ?

ಗವಿಪುರದ ಮೊಮ್ಮಗಳು
1958ರಿಂದ 1978ರವರೆಗೆ ಎನ್ನುತ್ತಾರೆ ಅಮ್ಮ.

ಕಾಯಿದೆ ರಾಯರು
ಹಾಗಾದರೆ ಅನ್ವಯಿಸುವುದಿಲ್ಲ. ಆದರೂ ಕುಟುಂಬದವರು ಯಾರಾದರೂ ವಿದೇಶಕ್ಕೆ ಒಯ್ಯುವುದಿದ್ದರೆ, ಇದು ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪಡೆಯುವುದು ಕ್ಷೇಮ. ಬೆಂಗಳೂರು ವಲಯದ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಕಪ್ಪಾದ ಹಿತ್ತಾಳೆ ಕಂಡರೆ ದೇವನಹಳ್ಳಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಅದು ಚೋಳರ ಕಾಲದ್ದೋ ಸೈಕಲ್ ಕಾಲದ್ದೋ ಎಂದು ತಿಳಿಯಬೇಕಲ್ಲ.

ಅಡುಗೆಮನೆ ಅಕ್ಕ
ಚೋಳರ ಕಾಲದಲ್ಲಿ ಸೈಕಲ್ ಇರಲಿಲ್ಲ ಎಂದಾದರೂ ಅವರಿಗೆ ಗೊತ್ತಿರುತ್ತದೆ ಬಿಡಿ.

ತಿಗಳರಪೇಟೆ
ಕರಗದ ಮೂರ್ತಿಯ ಚಿತ್ರ ನೋಡಿದೆ. ಮೈ ಜುಮ್ಮೆಂದಿತು. ಕೈಗಳನ್ನು ಗಮನಿಸಿ, ತಲೆಯ ಮೇಲಿನದನ್ನು ಹಿಡಿದಿಲ್ಲ. ನೋಡದೆ ಮಾಡಿದವರು ಕೊಡ ಹೊತ್ತ ಹೆಂಗಸಿನ ಹಾಗೆ ಕೈ ಎತ್ತಿಸಿಬಿಡುತ್ತಾರೆ. ನಿಮ್ಮ ತಾತ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯ ಮುಂದೆ ನಿದ್ದೆಗೆಟ್ಟು ನಿಂತವರೇ ಇರಬೇಕು.

ಪೇಟೆ ಪುಟ್ಟರಾಜ
ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಬರುವ ಹೊತ್ತಿಗೆ ನಾನು ಯಾವಾಗಲೂ ಅಲ್ಲೇ ಇರುತ್ತೇನೆ. ಆದರೆ ಕಡಲೆಕಾಯಿ ಪರಿಷೆ ಮಾತ್ರ ಮೊದಲಿನ ಹಾಗೆ ಉಳಿದಿಲ್ಲ. ಈಗ ಕಡಲೆಕಾಯಿಗಿಂತ ಬಲೂನು, ಬಜ್ಜಿಯೇ ಹೆಚ್ಚು.

ಕಾಫಿಪುಡಿ
ಬಜ್ಜಿಯ ಮೇಲೆ ಕಣ್ಣು ಹಾಕಬೇಡಿ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವನ ಮುಂದೆ ಬಿಸಿ ಬಜ್ಜಿ ತಿನ್ನದವನು ಬಸವನಗುಡಿಯವನೇ ಅಲ್ಲ.

ಅಡುಗೆಮನೆ ಅಕ್ಕ
ಗೊಂಬೆಯ ವಿಷಯಕ್ಕೆ ಬನ್ನಿ. ಪಾಲಿನ ಕಥೆ ಏನಾಯಿತು?

ಎರಡನೇ ಮಗ
ಹೊರಗಿನವನಾಗಿ ನನ್ನ ಸಲಹೆ: ಸಿಲಿಕೋನ್ ಅಚ್ಚು ತೆಗೆಸಿ, ಮೂರು ಮೂರು ಪ್ರತಿ ಎರಕ ಹೊಯ್ಯಿಸಿ ಎಲ್ಲರಿಗೂ ಕೊಡಿ. ಬಿಡದಿ ಹತ್ತಿರದ ಜೋಗರದೊಡ್ಡಿಯಲ್ಲಿ ಕರಕುಶಲ ತರಬೇತಿ ಪಡೆದ ಹುಡುಗರು ಮಾಡಿಕೊಡುತ್ತಾರೆ.

ನಾಗಮಂಗಲದವ
ಪ್ರತಿ ಯಾರಿಗೆ, ಅಸಲು ಯಾರಿಗೆ ಎಂದು ಆಗ ಜಗಳ. ಅಲ್ಲದೆ ಅಚ್ಚಿನಿಂದ ತೆಗೆದ ಎರಕ ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ, ಲೋಹ ತಣಿಯುವಾಗ ಕುಗ್ಗುತ್ತದಲ್ಲ. ಹೆಬ್ಬೆರಳ ಗುರುತೂ ನಕಲಾಗುತ್ತದೆ. ಬೇರೆಯವರ ಹೆಬ್ಬೆಟ್ಟು ಒತ್ತಿದ ಹಾಗೆ, ನನಗೆ ಸರಿಕಾಣುವುದಿಲ್ಲ.

ಎರಡನೇ ಮಗ
ಪೆಟ್ಟಿಗೆಯಲ್ಲಿ ಕೊಳೆಯುವ ಅಸಲಿಗಿಂತ ಮೂರು ಮನೆಯಲ್ಲಿ ಕಣ್ಣಿಗೆ ಬೀಳುವ ನಕಲು ಮೇಲು. ನಮ್ಮ ಮನೆಯಲ್ಲಿ ಅಜ್ಜನ ಒಂದೇ ಒಂದು ಫೋಟೋ ಅಣ್ಣನ ಬೀರುವಿನಲ್ಲಿದೆ. ನಾನು ನೋಡಿ ಹನ್ನೊಂದು ವರ್ಷವಾಯಿತು.

ಅಡುಗೆಮನೆ ಅಕ್ಕ
ಅಣ್ಣನಿಗೆ ಫೋನ್ ಮಾಡಪ್ಪ.

ಗವಿಪುರದ ಮೊಮ್ಮಗಳು
ಇನ್ನೊಂದು ವಿಚಾರ ಹೇಳಲು ಮರೆತಿದ್ದೆ. ಪ್ರತಿ ಗೊಂಬೆಯ ತಳದಲ್ಲೂ ಸಣ್ಣ ಸಣ್ಣ ಚುಕ್ಕೆಗಳಿವೆ. ಎತ್ತಿಗೆ ಐದು, ಹಾಲಿನವನಿಗೆ ಮೂರು, ಕಡಲೆಕಾಯಿಯವಳಿಗೆ ನಾಲ್ಕು, ಕುದುರೆಗೆ ಎರಡು. ಎತ್ತಿನಲ್ಲಿ ಎರಡು ಚುಕ್ಕೆ ದಪ್ಪ, ಮೂರು ಸಣ್ಣವು. ಇದೇನು?

ಹಳೇ ಮೌಲ್ಡರ್
ಎಷ್ಟನೇ ಸಲದ ಎರಕ ಎಂಬ ಗುರುತಿರಬೇಕು. ನಾವೂ ಕಾರ್ಖಾನೆಯಲ್ಲಿ ಅಂಕಿ ಹೊಡೆಯುತ್ತಿದ್ದೆವು.

ಲೆಕ್ಕದ ಮೇಷ್ಟ್ರು
ಸೇರಿನ ತೂಕ?

ಅಡುಗೆಮನೆ ಅಕ್ಕ
ಚಿತ್ರ ದೊಡ್ಡದು ಮಾಡಿ ನೋಡಿದೆ. ಇದು ಪಾತ್ರೆಯ ಮೇಲೆ ಹೆಸರು ಹಾಕಿಸುವಾಗ ಅಂಗಡಿಯವರು ಹೊಡೆಯುವ ಚುಕ್ಕೆಯ ಹಾಗೇ ಇದೆ. ನನ್ನ ಮದುವೆಯ ಕೊಳದಪ್ಪಲೆಯ ಮೇಲೆ ನನ್ನ ಹೆಸರಿರುವುದು ಇಂಥ ಚುಕ್ಕೆಯಲ್ಲೇ. ನಿಮ್ಮ ಅಜ್ಜಿ ಇದ್ದಾರೆಯೇ? ಇದ್ದರೆ ಅವರನ್ನು ಯಾಕೆ ಇನ್ನೂ ಕೇಳಿಲ್ಲ?

ಗವಿಪುರದ ಮೊಮ್ಮಗಳು
ಅಜ್ಜಿ ಇದ್ದಾರೆ. ಎಂಬತ್ತಾರು. ಕಿವಿ ಮಂದ, ನೆನಪು ಚುರುಕು. ಯಾರೂ ಕೇಳಿರಲೇ ಇಲ್ಲ. ನಿನ್ನೆ ರಾತ್ರಿ ಎತ್ತನ್ನು ಬಟ್ಟೆಯಲ್ಲಿ ಹಿಡಿದು ಮಗುಚಿ ತೋರಿಸಿದೆ. ನಕ್ಕರು. ಆಮೇಲೆ ಕೋಪ ಬಂತು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಇದು ನನ್ನ ತೌರಿನ ಪಾತ್ರೆಯ ಲೆಕ್ಕ ಕಣೇ. ಸಂಬಳದಲ್ಲಿ ಹಿತ್ತಾಳೆ ಕೊಳ್ಳುವ ಶಕ್ತಿ ಎಲ್ಲಿತ್ತು ಇವರಿಗೆ? ಮೇಣದ ಎತ್ತನ್ನು ದಿನಸಿ ಅಂಗಡಿಯಲ್ಲಿ ತೂಗಿಸಿಕೊಂಡು ಬಂದು, ಇಷ್ಟು ಸೇರು ಹಿತ್ತಾಳೆ ಬೇಕು ಎಂದು ನನ್ನ ಮುಂದೆ ನಿಲ್ಲುತ್ತಿದ್ದರು. ಎತ್ತಿಗೆ ಹೋದದ್ದು ಎರಡು ಬಿಂದಿಗೆ, ಎರಡು ಚೊಂಬು, ಒಂದು ಸೌಟು. ದಪ್ಪ ಚುಕ್ಕೆ ಬಿಂದಿಗೆಗೆ. ಬೋನಸ್ ಬಂದಾಗ ಹೊಸದು ತಂದುಕೊಡುತ್ತೇನೆ, ಸಾಲ ಮರೆಯದಿರಲಿ ಎಂದು ಚುಕ್ಕೆ ಹೊಡೆಯುತ್ತಿದ್ದರು. ತಂದದ್ದು ಸ್ಟೀಲಿನ ಒಂದು ಡಬ್ಬ!"

ಎರಕ ಹೊಯ್ದ ರಾತ್ರಿ ತಾತನಿಗೆ ಚಳಿಜ್ವರ ಬರುತ್ತಿತ್ತಂತೆ, ಬೆಳಿಗ್ಗೆ ಬಿಟ್ಟುಹೋಗುತ್ತಿತ್ತಂತೆ. ಕಣ್ಣು ಬಿದ್ದಿದೆ ಎಂದು ಅಜ್ಜಿ ಮೆಣಸಿನಕಾಯಿ ಇಳಿ ತೆಗೆಯುತ್ತಿದ್ದರಂತೆ.

ಹಳೇ ಮೌಲ್ಡರ್
ಕಣ್ಣಲ್ಲ, ಸತುವಿನ ಹೊಗೆ. ಹಿತ್ತಾಳೆ ಕರಗಿ ಸ್ವಲ್ಪ ಹೆಚ್ಚು ಕಾದರೆ ಸಾಕು, ಒಳಗಿನ ಸತು ಕುದಿಯತೊಡಗುತ್ತದೆ. ಮೂಸೆಯಿಂದ ಹತ್ತಿಯ ಹಾಗೆ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ಸಂಜೆಗೆ ನಡುಕ, ಜ್ವರ, ಬಾಯಲ್ಲಿ ಸಿಹಿಯಾದ ಲೋಹದ ರುಚಿ. ನಾನೂ ಅನುಭವಿಸಿದ್ದೇನೆ. ಹಿತ್ತಲಿನಲ್ಲಿ, ಬರಿಮುಖದಲ್ಲಿ, ಏಳು ಸಲ! ಅಜ್ಜಿಗೆ ನನ್ನ ನಮಸ್ಕಾರ ತಿಳಿಸು ತಾಯಿ.

ಕಾಯಿದೆ ರಾಯರು
ಗಮನಿಸಿ. ತೌರಿನಿಂದ ಬಂದ ಪಾತ್ರೆ ಸ್ತ್ರೀಧನ. ತಾತ ಅದನ್ನು ಸಾಲವೆಂದು ಚುಕ್ಕೆ ಹೊಡೆದು ಒಪ್ಪಿಕೊಂಡಿದ್ದಾರೆ. ಅಜ್ಜಿ ಇರುವಾಗ ಮಕ್ಕಳು ಪಾಲು ಕೇಳುವುದೆಲ್ಲಿಂದ ಬಂತು?

ಕಾಫಿಪುಡಿ
ಮೊದಲ ಬಾರಿಗೆ ರಾಯರ ಮಾತನ್ನು ಒಪ್ಪುತ್ತೇನೆ.

ಗವಿಪುರದ ಮೊಮ್ಮಗಳು
ದೊಡ್ಡಪ್ಪನಿಗೆ ಅಜ್ಜಿಯೇ ಫೋನ್ ಮಾಡಿಸಿದರು. "ಮೊದಲು ನನ್ನ ಬಿಂದಿಗೆ ತಂದಿಡು, ಆಮೇಲೆ ಎತ್ತು ಕೇಳು" ಎಂದರು. ಆ ಕಡೆಯಿಂದ ಸದ್ದಿಲ್ಲ. ಸದ್ಯಕ್ಕೆ ಏಳೂ ಅಜ್ಜಿಯ ಕೋಣೆಯಲ್ಲಿವೆ. ಎತ್ತು ಮೇಷ್ಟ್ರು ಕಳುಹಿಸಿದ ಸಿಲಿಕಾ ಜೆಲ್ಲಿನ ಡಬ್ಬದಲ್ಲಿದೆ, ಒಂಬತ್ತು ದಿನವಾಯಿತು, ಹಸಿರು ಮರಳಿ ಬಂದಿಲ್ಲ. ಮುಂದಿನ ವಾರ ಕುಮಾರಕೃಪಾ ರಸ್ತೆಗೆ ಒಯ್ಯುತ್ತೇನೆ.

ಒಂದೇ ತಕರಾರು ಉಳಿದಿದೆ. ಕುದುರೆಯ ತಳದಲ್ಲಿ ಎರಡೇ ಚುಕ್ಕೆ ಇವೆ, ಆದರೆ ಆ ವರ್ಷ ತಮ್ಮ ಮೂರು ಪಾತ್ರೆ ಹೋಗಿವೆ ಎಂದು ಅಜ್ಜಿ ಹಟ ಹಿಡಿದಿದ್ದಾರೆ. ಮೂರನೆಯದು ಒಂದು ದೊಡ್ಡ ತಪ್ಪಲೆಯಂತೆ.

ಹಳೇ ಮೌಲ್ಡರ್
ಜಟಕಾ ಕುದುರೆ ಎಂದೆಯಲ್ಲ, ಗಾಡಿ ಎಲ್ಲಿ?

ಗವಿಪುರದ ಮೊಮ್ಮಗಳು
ಗಾಡಿ ಇಲ್ಲ ಸರ್. ಕುದುರೆ ಮಾತ್ರ.

ಹಳೇ ಮೌಲ್ಡರ್
ಗಾಡಿ ಚಕ್ರದ ಕಡ್ಡಿಗಳು ತೆಳ್ಳಗೆ, ಲೋಹ ಓಡದೆ ಎರಕ ಕೆಟ್ಟಿರುತ್ತದೆ. ಕೆಟ್ಟ ಎರಕವನ್ನು ಹೆಂಡತಿಗೆ ತೋರಿಸುವ ಮೌಲ್ಡರನನ್ನು ನಾನು ಕಂಡಿಲ್ಲ. ಮನೆ ಕೊಂಡವರು ಜೆಸಿಬಿ ತರುವ ಮೊದಲು ಕುಲುಮೆ ಇದ್ದ ಜಾಗವನ್ನು ಒಂದೆರಡು ಅಡಿ ಅಗೆಸಿ ನೋಡು.

ಗವಿಪುರದ ಮೊಮ್ಮಗಳು
ಇದನ್ನು ಓದಿ ಹೇಳಿದೆ. ಅಮ್ಮ ಹಾರೆ ಹುಡುಕಲು ಹೋಗಿದ್ದಾರೆ. ಅಜ್ಜಿ ಜಗುಲಿಗೆ ಕುರ್ಚಿ ಹಾಕಿಸಿಕೊಂಡು, ನುಗ್ಗೆ ಮರದ ಎಡಕ್ಕೆ, ಎಡಕ್ಕೆ ಎಂದು ಕೂಗುತ್ತಿದ್ದಾರೆ.